ರಾಗಿ, ಗೋಧಿ, ಜೋಳ, ಪಾಸ್‌ವರ್ಡ್

ಹೋದ ತಿಂಗಳು ಮಾರೇನಹಳ್ಳಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್‌ಸ್ಟಾಪಿನ ಕಡೆ ನಡೆದು ಬರುತ್ತಿದ್ದೆ. ಬಿಸಿ ರಾಗಿಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಆಗಷ್ಟೇ ಕಲ್ಲಿನಿಂದ ಇಳಿದ, ಚೀಲಕ್ಕೆ ಕೈ ಹಾಕಿದರೆ ಸುಡುವ ಹಿಟ್ಟು. ತಲೆ ಎತ್ತಿ ನೋಡಿದರೆ ನಮ್ಮದೇ ಗಿರಣಿ. ನಮ್ಮದಾಗಿದ್ದ ಗಿರಣಿ ಎನ್ನಬೇಕು, ಅಪ್ಪ ಹೋದ ಮೇಲೆ ಮಾರಿದೆವು. ಹೊಸಬರು ದರ ಬರೆಯುವ ಕರೀ ಬೋರ್ಡನ್ನು ಕಿತ್ತು, ಅಲ್ಲಿ ಹೊಳೆಯುವ ಫ್ಲೆಕ್ಸ್ ಹೊಡೆದಿದ್ದಾರೆ. ಬೋರ್ಡು ಇದ್ದ ಗೋಡೆ ನೋಡುತ್ತ ನಿಂತೆ. ಆ ವರ್ಷ ಒಂದರ ಹಿಂದೆ ಒಂದು ಬಿದ್ದ ಪೆಟ್ಟುಗಳೆಲ್ಲ ನೆನಪಾದವು.

ಅದು ಎರಡು ಸಾವಿರದ ಏಳು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ. ನಾನು ವಿಜಯನಗರದ ಒಂದು ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದೆ. ಕೆಳಗೆ ಗಿರಣಿ, ಮೇಲೆ ಮನೆ, ಮನೆಯಲ್ಲಿ ಅಪ್ಪ, ಅಮ್ಮ, ನಾನು. ಕಲ್ಲು, ಮೋಟಾರು, ಬೆಲ್ಟು ಅಪ್ಪನ ಪಾಲು. ಜನ ಅಮ್ಮನ ಪಾಲು. ಹಿಟ್ಟಿನ ಗಿರಣಿ ಎಂದರೆ ಹಾಕಿ ತೆಗೆಯುವುದಷ್ಟೇ ಎಂದುಕೊಂಡವರಿಗೆ ಒಂದು ಮಾತು ಹೇಳಬೇಕು. ಗೋಧಿ ಬೀಸಿದ ಕಲ್ಲಿಗೆ ಹಾಗೇ ರಾಗಿ ಸುರಿದರೆ ಮೊದಲ ಹಿಡಿ ಹಿಟ್ಟು ಕಲಬೆರಕೆ. ಅದಕ್ಕೇ ರಾಗಿಯವರ ಹಿಂದೆ ರಾಗಿಯವರು, ಜೋಳದವರ ಹಿಂದೆ ಜೋಳದವರು ನಿಲ್ಲಬೇಕು. ಡಬ್ಬಿ ಬಿಟ್ಟು ಯಾರೂ ಹೋಗುವುದಿಲ್ಲ. ತಮ್ಮ ಕಾಳು ತಮ್ಮ ಕಣ್ಣೆದುರೇ ಹಿಟ್ಟಾಗಿ ತಮ್ಮ ಡಬ್ಬಿಗೇ ಬೀಳುವುದನ್ನು ನೋಡಿಕೊಂಡು ನಿಲ್ಲುತ್ತಾರೆ. ಸಾಲು ತಪ್ಪಿಸಲು ನೋಡುವವರು, ಮಾತಿಗೆ ನಿಂತು ಡಬ್ಬಿ ಮರೆಯುವವರು, ಗೋಧಿಯ ಮಧ್ಯೆ ಒಂದೇ ಒಂದು ಸೇರು ಕಡಲೆ ಹಾಕಿಕೊಡಿ ಎನ್ನುವವರು, ಇವರನ್ನೆಲ್ಲ ಮೋಟಾರಿನ ಸದ್ದಿನ ಮೇಲೆ ಹತೋಟಿಯಲ್ಲಿ ಇಡುತ್ತಿದ್ದದ್ದು ಅಮ್ಮನ ಗಂಟಲು. ಜಯಕ್ಕನ ಕೂಗು ಆಚೆ ಬೀದಿಗೂ ಕೇಳುತ್ತಿತ್ತು. ಎದುರುಮನೆಯವರು ಅದನ್ನು ಕೇಳಿ ಒಲೆ ಮೇಲೆ ಎಸರಿಡುತ್ತಿದ್ದರು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಇಂಥ ಮನೆಯಲ್ಲಿ ನಾನೊಂದು ಸರ್ವರ್ ಇಟ್ಟುಕೊಂಡಿದ್ದೆ. ಇನ್‌ಸ್ಟಿಟ್ಯೂಟಿನವರು ಗುಜರಿಗೆ ಹಾಕಲಿದ್ದ ಹಳೇ ಕಂಪ್ಯೂಟರನ್ನು ಕೇಳಿ ತಂದು, ಪತ್ರಿಕೆಯ ಜೊತೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿ, ಮೇಲಿನ ರೂಮಿನಲ್ಲಿ ಕೂರಿಸಿದ್ದೆ. ಹಗಲೂ ರಾತ್ರಿ ಓಡುತ್ತಿದ್ದ ಆ ಡಬ್ಬದಲ್ಲಿ ನಮ್ಮ ಮನೆಯ ಫೋಟೋ, ನನ್ನ ಮೇಲ್, ನನ್ನ ಪಾಠದ ಟಿಪ್ಪಣಿ ಎಲ್ಲ ಇತ್ತು. ಎಲ್ಲಿಂದಾದರೂ ಅದರ ವಿಳಾಸ ಹೊಡೆದು ಪಾಸ್‌ವರ್ಡ್ ಕೊಟ್ಟರೆ ನಮ್ಮ ರೂಮಿನಿಂದಲೇ ಉತ್ತರ. ಪುಕ್ಕಟೆ ಜಾಗ ಕೊಡುವ ಕಂಪನಿಗಳು ಇರುವಾಗ ಇದೇನು ಹುಚ್ಚು ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಗಿರಣಿಯ ಮಗಳು ನಾನು. ಕಾಣದವರ ಕಲ್ಲಿಗೆ ನಮ್ಮ ಕಾಳು ಸುರಿದು ಬರುವುದು ನನಗೆ ಒಗ್ಗದ ಮಾತು.

ಅಪ್ಪನಿಗೆ ಇದು ಕೂಡಲೇ ಅರ್ಥವಾಗಿತ್ತು. "ನಮ್ ಕಾಳು, ನಮ್ ಕಲ್ಲು. ಅಷ್ಟೇ ತಾನೆ? ಇಟ್ಕೊಳಮ್ಮ" ಎಂದರು. ಕೆಳಗೆ ಮೋಟಾರು ಹಾಕಿದಾಗಲೆಲ್ಲ ಮೇಲೆ ದೀಪ ಮಂಕಾಗಿ ಯುಪಿಎಸ್ ಕಿರುಚುತ್ತಿತ್ತು. ಅದಕ್ಕೆ ಅಪ್ಪನೇ ಒಂದು ದೊಡ್ಡ ಬ್ಯಾಟರಿ ತಂದು ಜೋಡಿಸಿಕೊಟ್ಟರು. ಹಿಟ್ಟಿನ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತಿತ್ತು. ಪ್ರತಿ ಭಾನುವಾರ ಪೇಂಟ್ ಬ್ರಷ್ಷಿನಿಂದ ಹಿಟ್ಟು ಕೊಡವುವುದು ನನ್ನ ಕೆಲಸ. ಅಮ್ಮನಿಗೆ ಮಾತ್ರ ಅದು ಕರೆಂಟು ತಿನ್ನುವ ಡಬ್ಬ.

ಯುಗಾದಿಯ ಹೊತ್ತಿಗೆ ಅಮ್ಮನ ದನಿ ಒಡೆಯಿತು. ಧೂಳು ಎಂದರು ಅಪ್ಪ. ಕೂಗಾಟ ಎಂದೆ ನಾನು. ಬೀದಿಯವರು ತಲೆಗೊಂದು ಕಷಾಯ ಹೇಳಿದರು. ಮಳೆಗಾಲ ಶುರುವಾದರೂ ದನಿ ಸರಿಹೋಗಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಗಂಟ್ಲಲ್ಲಿ ಕ್ಯಾನ್ಸರ್ ಇದೆ. ದನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗತ್ತೆ. ಜೀವ ಉಳಿಯತ್ತೆ. ಮಾತು ಉಳಿಯಲ್ಲ."

ನನಗೆ ಗರ ಬಡಿದ ಹಾಗಾಯಿತು. ಕಾಯಿಲೆಯ ಹೆಸರಿಗಿಂತ ಆ ಕೊನೆಯ ಮಾತು ದೊಡ್ಡ ಪೆಟ್ಟು. ಯಾರದೋ ಮನೆಯ ಅಮ್ಮನಾದರೆ ಸರಿ, ಮಾತೇ ಕೆಲಸವಾಗಿದ್ದ ನಮ್ಮಮ್ಮನಿಗಾ? ಅಪ್ಪ ಮೆಲ್ಲಗೆ, "ಆಷಾಢ ಕಳೀಲಿ ಡಾಕ್ಟ್ರೇ" ಎಂದರು. "ಅದಕ್ಕೆ ಆಷಾಢ, ಶ್ರಾವಣ ಗೊತ್ತಾಗಲ್ಲ ಯಜಮಾನ್ರೇ" ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಿದ್ದೆ. ಅಮ್ಮ ಟಿಕೆಟ್ಟನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದವಳು ಒಂದೇ ಮಾತು ಕೇಳಿದಳು.

"ಹಂಗಾದ್ರೆ ಸಾಲು ಯಾರು ನೋಡ್ಕೋತಾರೆ?"

ಇಂಥ ಹೊತ್ತಿನಲ್ಲಿ ಗಿರಣಿಯ ಚಿಂತೆಯೇ ಎಂದು ನನಗೆ ಮೈ ಉರಿಯಿತು.

ಆಪರೇಷನ್ನಿಗೆ ಇನ್ನೂ ಕೆಲವು ವಾರ ಇತ್ತು. ದನಿಯನ್ನು ಹಿಡಿದಿಡಬೇಕು ಎಂದು ತೀರ್ಮಾನಿಸಿ ಒಂದು ಮೈಕು ತಂದೆ. ಮಧ್ಯಾಹ್ನ ಮೋಟಾರು ನಿಂತಿರುವಾಗ ಅಮ್ಮನನ್ನು ಸರ್ವರಿನ ಮುಂದೆ ಕೂರಿಸುತ್ತಿದ್ದೆ. ತಗ್ಗಿ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಒಡೆದ ದನಿಯಲ್ಲೂ ಮೈಕನ್ನು ದೂರ ನಿಂತ ಗಿರಾಕಿಯೆಂದುಕೊಂಡು ಕೂಗುತ್ತಿದ್ದಳು. "ಏನ್ ಹೇಳ್ಲೇ?" "ಏನಾದ್ರೂ ಹೇಳಮ್ಮ. ಹುಳಿ ಮಾಡೋದು ಹೇಳು. ನಿನ್ ಮದ್ವೆ ಕಥೆ ಹೇಳು." ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ ಕೈಕಟ್ಟಿಕೊಂಡು ಹುಳಿ ಮಾಡುವುದು ಹೇಳಿದಳು. ತವರಿನ ಕಥೆ ಹೇಳಿದಳು. ನನ್ನ ಹೆಸರು ಕರೆ ಎಂದರೆ, "ಎದುರಿಗೇ ಇದೀಯಲ್ಲೇ, ಏನಂತ ಕರೀಲಿ!" ಎಂದಳು. ಆಮೇಲೆ ಕರೆದಳು. ಗಿರಿಜಾ ಎಂದು ಪೂರ್ತಿಯಾಗಿ, ಹಾಜರಿ ಕರೆದ ಹಾಗೆ. ಮನೆಯಲ್ಲಿ ನಾನು ಬರೀ ಗಿರಿ.

ಒಮ್ಮೆ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಅಪ್ಪ ಮೋಟಾರು ಹಾಕಿಬಿಟ್ಟರು. ಕೆಳಗೆ ಗದ್ದಲ. ಅಮ್ಮ ನನ್ನನ್ನು ಮರೆತು, ಕಿಟಕಿಯಿಂದ ಬಗ್ಗಿ ಕೂಗಿದಳು. "ಜೋಳದವ್ರು ಯಾರ್ರೀ ಅದು? ಮುಂದಕ್ ಬನ್ನಿ! ಗೋಧಿಯವ್ರು ಆಮೇಲೆ! ಮಾತು ಆಮೇಲಿರ್ಲಿ, ಕೈ ನಡೀಲಿ!" ಅದೂ ರೆಕಾರ್ಡ್ ಆಯಿತು, ಮೋಟಾರಿನ ಗುಡುಗಿನ ಸಮೇತ. ಅಳಿಸಬೇಕು ಎಂದುಕೊಂಡು ಅದಕ್ಕೆ ವೇಸ್ಟ್ ಎಂದು ಹೆಸರಿಟ್ಟೆ. ಅಳಿಸುವುದು ಮರೆತುಹೋಯಿತು.

ಎಲ್ಲವನ್ನೂ ಸರ್ವರಿನ ಒಂದು ಪುಟದಲ್ಲಿ ಜೋಡಿಸಿ ಪಾಸ್‌ವರ್ಡ್ ಹಾಕಿದೆ. ವಿಳಾಸವನ್ನೂ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು, ಅಪ್ಪನಿಗೆ ಸುಲಭವಾಗಲಿ ಎಂದು ಮಾನಿಟರಿಗೆ ಅಂಟಿಸಿದೆ. ಬೇರೆಲ್ಲೂ ಒಂದು ಪ್ರತಿ ಇಡಲಿಲ್ಲ. ಇಟ್ಟಿದ್ದೆ ಅನ್ನಿ, ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ. ನಗಬೇಡಿ. ಅಮ್ಮನ ದನಿ ನಮ್ಮ ಮನೆ ಬಿಟ್ಟು ಆಚೆ ಹೋಗಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಆಷಾಢದ ಮಳೆಯಲ್ಲೇ ಆಪರೇಷನ್ ಆಯಿತು. ಅಮ್ಮ ಬದುಕಿದಳು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಒದ್ದೆ ಬಟ್ಟೆ. ಧೂಳಿನ ಹತ್ತಿರ ಸುಳಿಯಬಾರದು ಎಂದಿದ್ದರು. ಅದಕ್ಕೆ ಗಿರಣಿಯ ಹೊರಗೆ, ರಸ್ತೆಯ ಕಡೆಯ ಜಗಲಿಯಲ್ಲಿ ಕೂರುತ್ತಿದ್ದಳು. ಒಳಗೆ ಸಾಲು ಕೆಟ್ಟುಹೋಗಿತ್ತು. ಗೋಧಿಯವರೂ ರಾಗಿಯವರೂ ನುಗ್ಗಾಡುತ್ತಿದ್ದರು, ಅಪ್ಪನ ಮೆತ್ತನೆಯ ದನಿ ಮೋಟಾರಿನ ಮುಂದೆ ಎಲ್ಲಿ ಏಳಬೇಕು? ಬಂದವರೆಲ್ಲ ಜಗಲಿಯ ಹತ್ತಿರ ನಿಂತು, "ಹೇಗಿದೀರಾ ಜಯಕ್ಕ?" ಎನ್ನುತ್ತಿದ್ದರು. ಅಮ್ಮ ಕೈಯಾಡಿಸುತ್ತಿದ್ದಳು. ಬರೆದು ತೋರಿಸಲಿ ಎಂದು ನಾನೊಂದು ಸ್ಲೇಟು ತಂದುಕೊಟ್ಟರೆ ಅದನ್ನು ಬೆಲ್ಲದ ಡಬ್ಬಿಗೆ ಮುಚ್ಚಳ ಮಾಡಿದಳು. ಬರೆಯುವುದು ಅವಳಿಗೆ ಇಷ್ಟವಿಲ್ಲ ಎಂದು ನಾನು ಕೈಬಿಟ್ಟೆ.

ಗೌರಿ ಹಬ್ಬದ ಹಿಂದುಮುಂದು ಒಂದು ಸಂಜೆ ಪಾಠ ಮುಗಿಸಿ ಬಂದವಳು ಗಿರಣಿಯ ಬಾಗಿಲಲ್ಲಿ ಬೆಪ್ಪಾಗಿ ನಿಂತೆ. ದರದ ಬೋರ್ಡಿನ ಮುಂದೆ ನಾಲ್ಕೈದು ಜನ. ಒಬ್ಬಾಕೆ ಅಂಗೈ ಮೇಲೆ ಪೆನ್ನಿನಿಂದ ಏನೋ ಬರೆದುಕೊಳ್ಳುತ್ತಿದ್ದಾಳೆ. ಬೋರ್ಡಿನಲ್ಲಿ ರಾಗಿಯ ದರ, ಗೋಧಿಯ ದರ, ಜೋಳದ ದರ, ಅದರ ಕೆಳಗೆ ಸೀಮೆಸುಣ್ಣದಲ್ಲಿ ದುಂಡುದುಂಡಗೆ, ಇಂಗ್ಲಿಷಿನಲ್ಲಿ, ನನ್ನ ಸರ್ವರಿನ ವಿಳಾಸ. ಅದರ ಪಕ್ಕ ಪಾಸ್‌ವರ್ಡ್.

ಮನೆಯ ಬೀರುವಿನ ಬೀಗದ ಕೈಯನ್ನು ಬೀದಿಯಲ್ಲಿ ಮೊಳೆ ಹೊಡೆದು ನೇತುಹಾಕಿದ ಹಾಗಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಎಲ್ಲರ ಎದುರೇ ಬೋರ್ಡು ಉಜ್ಜಿದೆ. ಉಜ್ಜುವ ಭರದಲ್ಲಿ ಜೋಳದ ದರವೂ ಅಳಿಸಿಹೋಯಿತು.

"ಯಾರಪ್ಪಾ ಬರೆದಿದ್ದು ಇದನ್ನ?"

ಅಪ್ಪ ಮೋಟಾರು ನಿಲ್ಲಿಸಿ, ಕೈಯ ಹಿಟ್ಟು ಕೊಡವಿಕೊಂಡು, ಒಮ್ಮೆ ಜಗಲಿಯ ಕಡೆ ನೋಡಿದರು. "ನಾನೇ ಕಣಮ್ಮ" ಎಂದರು. "ಜನ ಅವಳನ್ನ ಕೇಳ್ತಾರೆ. ದನಿಯಾದ್ರೂ ಕೇಳ್ಕೊಳ್ಳಿ ಅಂತ."

"ಅದು ನಮ್ಮನೇದು! ಅಮ್ಮ ಹೋಟ್ಲಲ್ಲಿ ಹಾಕೋ ಕ್ಯಾಸೆಟ್ಟಾ? ನಮ್ ಕಾಳು ನಮ್ ಕಲ್ಲು ಅಂದೋರು ನೀವೇ ಅಲ್ವಾ?"

ಜಗಲಿಯಲ್ಲಿ ಅಮ್ಮ ಪಕ್ಕದಲ್ಲಿದ್ದ ಖಾಲಿ ಡಬ್ಬಿ ಎತ್ತಿ ಚಪ್ಪಡಿಯ ಮೇಲೆ ಧಡಾರನೆ ಕುಕ್ಕಿ, ಎದ್ದು ಮೇಲೆ ಹೋದಳು. ಅಪ್ಪನ ಮೇಲೆ ಅವಳಿಗೂ ಸಿಟ್ಟು ಬಂದಿದೆ ಎಂದುಕೊಂಡೆ. ಅವತ್ತು ರಾತ್ರಿಯೇ ಪಾಸ್‌ವರ್ಡ್ ಬದಲಾಯಿಸಿದೆ, ಚೀಟಿ ಹರಿದು ಹಾಕಿದೆ. ಒಂದು ವಿಷಯ ನನಗೆ ಹೊಳೆಯಬೇಕಿತ್ತು. ಅಪ್ಪ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ದೊಡ್ಡ ಅಕ್ಷರಗಳಲ್ಲೇ, ಕಡ್ಡಿ ಜೋಡಿಸಿದ ಹಾಗೆ. ಬೋರ್ಡಿನ ಮೇಲಿನ ಅಕ್ಷರಗಳು ಸಣ್ಣವು, ರಂಗೋಲಿಯ ಬಳ್ಳಿಯಂತೆ ಸುತ್ತಿಕೊಂಡು ಹೋಗಿದ್ದವು. ಕೋಪದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ.

ಆಯುಧಪೂಜೆ ಬಂತು. ಗಿರಣಿಗೆ ಅದೇ ದೊಡ್ಡ ಹಬ್ಬ. ಕಲ್ಲು ಇಳಿಸಿ ತೊಳೆದು, ಬೆಲ್ಟಿಗೆ ಅರಿಶಿನ ಕುಂಕುಮ ಇಟ್ಟು, ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದಾದ ಮೇಲೆ ಅಪ್ಪ ಮಂಗಳಾರತಿ ತಟ್ಟೆ ಹಿಡಿದು ಮೇಲೆ ಬಂದರು. ಹಿಂದೆ ಅಮ್ಮ ಕುಂಕುಮದ ಬಟ್ಟಲು ಹಿಡಿದು.

"ಇದನ್ನ ಆಫ್ ಮಾಡಮ್ಮ. ಓಡ್ತಾ ಇರೋ ಆಯುಧಕ್ಕೆ ಪೂಜೆ ಮಾಡ್ತಾರಾ? ವರ್ಷವೆಲ್ಲಾ ದುಡಿದಿದೆ. ನಾಳೆವರೆಗೂ ರೆಸ್ಟ್ ಕೊಡು."

"ಸರ್ವರ್ ಆಫ್ ಮಾಡಲ್ಲ ಅಪ್ಪಾ. ಅದು ಆನ್ ಇರೋಕ್ಕೇ ಇರೋದು."

ಅಮ್ಮ ನನ್ನ ತೋಳು ತಟ್ಟಿ ಸ್ವಿಚ್ಚು ತೋರಿಸಿದಳು. ಆಪರೇಷನ್ ಆದ ಮೇಲೆ ಅವಳು ಏನು ತೋರಿಸಿದರೂ ನಾನು ಇಲ್ಲ ಎಂದದ್ದಿಲ್ಲ. ಕ್ರಮಪ್ರಕಾರ ಮುಚ್ಚಿ ನಿಲ್ಲಿಸಿದೆ. ಬಂದಾಗಿನಿಂದ ಒಮ್ಮೆಯೂ ಪೂರ್ತಿ ನಿಂತಿರದ ಡಬ್ಬ ಸುಂಯ್ ಎಂದು ನಿಂತಿತು. ರೂಮು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡೇ ಇರಲಿಲ್ಲ. ಅಮ್ಮ ಅದರ ನೆತ್ತಿಗೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಕೈ ಮುಗಿದಳು.

ಮರುದಿನ ವಿಜಯದಶಮಿ. ಹೂ ತೆಗೆದು ಸ್ವಿಚ್ ಹಾಕಿದೆ. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಒಳಗಿನ ಡಿಸ್ಕು ತಿರುಗಲಿಲ್ಲ. ತೆಗೆದು ಹಾಕಿದೆ, ಬಡಿದೆ, ಬೇರೆ ವೈರು ಚುಚ್ಚಿದೆ. ಟಕ್, ಟಕ್. ಮರುದಿನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಎಸ್.ಪಿ. ರಸ್ತೆಗೆ ಹೋದೆ. ರಿಪೇರಿಯವನು ಅದನ್ನು ಕಿವಿಗೆ ಹಿಡಿದು ಕೇಳಿ ನನ್ನ ಕೈಗೇ ವಾಪಸು ಕೊಟ್ಟ. "ಹೋಯ್ತು ಮೇಡಂ. ನಿಲ್ಲದೆ ಓಡಿರೋ ಹಳೇ ಡಿಸ್ಕು ಒಂದ್ಸಲ ತಣ್ಣಗಾದ್ರೆ ಕೆಲವು ಮತ್ತೆ ಏಳೋದೇ ಇಲ್ಲ. ಯಾಕ್ ಆಫ್ ಮಾಡಿದ್ರಿ?"

ಪೂಜೆಗೆ ಎನ್ನಲಾರದೆ ಡಿಸ್ಕನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ.

ಆ ದಿನಗಳು ಹೇಗೆ ಕಳೆದವೋ ಸರಿಯಾಗಿ ನೆನಪಿಲ್ಲ. ಅಮ್ಮ ಕಣ್ಣೆದುರು ಓಡಾಡುತ್ತಿದ್ದಳು, ಅನ್ನ ಬಡಿಸುತ್ತಿದ್ದಳು, ಆದರೂ ನನಗೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ. ಅವಳ ದನಿ ಹೇಗಿತ್ತು ಎಂದು ಮನಸ್ಸಿನಲ್ಲಿ ತಂದುಕೊಳ್ಳಲು ನೋಡಿದರೆ ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಇಷ್ಟು ಬೇಗ ಮರೆತೆನಾ ಎಂದು ಹೌಹಾರಿ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಅಪ್ಪನ ಜೊತೆ ಮಾತು ಬಿಟ್ಟೆ. ಅಪ್ಪ ಒಮ್ಮೆ ಡಿಸ್ಕನ್ನು ಎತ್ತಿ, "ಇದಕ್ಕೇನಾದ್ರೂ ಎಣ್ಣೆ ಗಿಣ್ಣೆ ಬಿಡಬಹುದಾ?" ಎಂದು ಕೇಳಿದರು. ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. ಅಮ್ಮನಿಗೆ ಡಿಸ್ಕು ತೋರಿಸಿ ಎಲ್ಲ ಹೋಯಿತು ಎಂದಾಗ ಅವಳು ಒಂದು ಕ್ಷಣ ಅದನ್ನು ನೋಡಿ, ನನ್ನ ತಲೆ ಸವರಿ, ಅಕ್ಕಿ ನೆನೆಹಾಕಲು ಹೋದಳು. ಇವಳಿಗೆ ಏನೂ ಅನ್ನಿಸುವುದೇ ಇಲ್ಲವೇ ಎಂದು ನನಗೆ ಅದೇ ಒಂದು ಆಘಾತ.

ಆಮೇಲೊಂದು ಬೆಳಿಗ್ಗೆ, ನಾನು ಇನ್‌ಸ್ಟಿಟ್ಯೂಟಿಗೂ ಹೋಗದೆ ಮಲಗಿದ್ದೆ. ಅಮ್ಮ ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಎಲ್ಲಿಗೆ ಎಂದರೆ ಕೈ ಎಳೆದಳು. ಅತ್ತಿಗುಪ್ಪೆಯ ಕಡೆ ನಡೆದಳು. ದಾರಿಯುದ್ದಕ್ಕೂ ನಾನೇನೋ ಗೊಣಗುತ್ತಿದ್ದೆ, ಅವಳು ಹಿಡಿದ ಕೈ ಬಿಡಲಿಲ್ಲ. ದೊಡ್ಡ ರಸ್ತೆ ದಾಟಿ ಒಂದು ಸಣ್ಣ ಗಲ್ಲಿಗೆ ತಿರುಗಿದೆವು. ತಗಡಿನ ಚಾವಣಿಯ ಒಂದು ಮನೆ, ಒಲೆಯ ಹೊಗೆ, ರೊಟ್ಟಿ ತಟ್ಟುವ ಸದ್ದು.

"ಜೋಳದವ್ರು ಯಾರ್ರೀ ಅದು? ಮುಂದಕ್ ಬನ್ನಿ!"

ನಾನು ಗಲ್ಲಿಯ ನಡುವೆಯೇ ನಿಂತುಬಿಟ್ಟೆ. ಅಮ್ಮ ನನ್ನ ಪಕ್ಕದಲ್ಲಿ, ತುಟಿ ಮುಚ್ಚಿಕೊಂಡು, ನನ್ನ ಕೈ ಹಿಡಿದುಕೊಂಡು ನಿಂತಿದ್ದಾಳೆ. ಅಮ್ಮನ ದನಿ ಆ ಮನೆಯೊಳಗಿಂದ ಬರುತ್ತಿದೆ. ಹಿಂದೆ ನಮ್ಮ ಮೋಟಾರಿನ ಗುಡುಗು. "ಗೋಧಿಯವ್ರು ಆಮೇಲೆ! ಮಾತು ಆಮೇಲಿರ್ಲಿ, ಕೈ ನಡೀಲಿ!" ಒಳಗೆ ಹೆಂಗಸರ ನಗು, ಆಮೇಲೆ ತಟ್ಟುವ ಸದ್ದು ಜೋರಾಯಿತು. ನಾನು ಅಮ್ಮನ ಬಾಯಿಯನ್ನೇ ನೋಡಿದೆ. ನೋಡಿದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ, ಆದರೆ ನೋಡಿದೆ.

ಅದು ಶಿವಲೀಲಾಳ ಮನೆ. ಬಾಗಲಕೋಟೆ ಕಡೆಯವಳು, ಹಾಸ್ಟೆಲ್ಲುಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು, ದಿನಾ ನಮ್ಮ ಗಿರಣಿಗೆ ಜೋಳ ತರುತ್ತಿದ್ದಳು. ಅಂಗೈ ಮೇಲೆ ಪಾಸ್‌ವರ್ಡ್ ಬರೆದುಕೊಳ್ಳುತ್ತಿದ್ದವಳು ಅವಳೇ ಎಂದು ಈಗ ಗುರುತು ಸಿಕ್ಕಿತು. ಒಳಗೆ ಸಾಲಾಗಿ ಒಲೆಗಳು, ಒಲೆಗೊಬ್ಬಳು ಹೆಂಗಸು. ಮೂಲೆಯಲ್ಲಿ ಟಿವಿ, ಅದರ ಮೇಲೊಂದು ಡಿವಿಡಿ ಪ್ಲೇಯರು.

"ಬರ್ರಿ ಅವ್ವಾರ, ಬರ್ರಿ ಅಕ್ಕಾರ" ಎಂದು ಎದ್ದಳು. "ಅವತ್ತ ಸಂಜೀಕನ ನನ್ನ ಮೈದುನ ಬ್ರೌಸಿಂಗ್ ಸೆಂಟರಿನ್ಯಾಗ ಕುಂತು ಸೀಡಿ ಮಾಡ್ಕೊಂಡ್ ಬಂದಾನ್ರಿ. ಮುಂಜಾನೆ ಎದ್ದು ಇದನ್ನ ಹಚ್ಚೋದರೀ. ಇವ್ರು ಮಾತಿಗೆ ಕುಂತ್ರ ರೊಟ್ಟಿ ಏಳಂಗಿಲ್ಲ. ಅವ್ವಾರ ಧ್ವನಿ ಬಂತಂದ್ರ ಕೈ ತಾನ ಓಡ್ತಾವ."

"ನಮ್ಮಪ್ಪ ಬೋರ್ಡಲ್ಲಿ ಬರೆದಿದ್ರಲ್ಲ, ಅದನ್ನ ನೋಡ್ಕೊಂಡು..." ಎಂದೆ.

"ನಿಮ್ಮಪ್ಪಾರಲ್ರೀ! ಅವ್ವಾರ ಬರದಾರ. ಸ್ಟೂಲ್ ಹಾಕ್ಕೊಂಡು, ಚೀಟಿ ನೋಡ್ಕೋಂತ, ಒಂದೊಂದ ಅಕ್ಷರ. ನಾ ಸ್ಟೂಲ್ ಹಿಡಕೊಂಡು ನಿಂತಿದ್ನಿ."

ಜಗಲಿಯ ಕಡೆ ನೋಡಿದ ಅಪ್ಪ, ಕುಕ್ಕಿದ ಡಬ್ಬಿ, ಬೆಲ್ಲದ ಡಬ್ಬಿಯ ಮೇಲಿನ ಸ್ಲೇಟು, ರಂಗೋಲಿಯಂಥ ಅಕ್ಷರ, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ನಾನು ಒದ್ದೆ ಬಟ್ಟೆಯಿಂದ ಉಜ್ಜಿ ಹಾಕಿದ್ದು ಅಪ್ಪನ ಬರಹವನ್ನಲ್ಲ.

ಆ ಸಿ.ಡಿ.ಯಲ್ಲಿ ಇದ್ದದ್ದು ಅವರಿಗೆ ಬೇಕಾಗಿದ್ದ ಅದೊಂದೇ ತುಣುಕು. ಹುಳಿ ಇಲ್ಲ, ತವರಿನ ಕಥೆ ಇಲ್ಲ, ನನ್ನ ಹೆಸರೂ ಇಲ್ಲ. ಅವು ಇಂದಿಗೂ ಇಲ್ಲ. ನಾನು ವೇಸ್ಟ್ ಎಂದು ಹೆಸರಿಟ್ಟದ್ದಷ್ಟೇ ಉಳಿದದ್ದು. ಆಮೇಲೆ ಕಟ್ಟಿದ ಸರ್ವರುಗಳಲ್ಲೆಲ್ಲ ಮೊದಲು ಕೂತದ್ದು ಅದೇ. ಕೆಂಗೇರಿಯಲ್ಲಿ ಈಗ ನನ್ನ ಜೊತೆ ಇರುವ ಅಮ್ಮ, ನಾನದನ್ನು ಹಾಕಿದರೆ ಕಡಿಮೆ ಮಾಡ್ಕೋ ಎಂದು ಕೈಸನ್ನೆ ಮಾಡುತ್ತಾಳೆ.

ಅವತ್ತು ಮಾತ್ರ ನಾನು ಶಿವಲೀಲಾಳ ಒಲೆಯ ಮುಂದೆ ಕುಸಿದು ಕೂತೆ. "ಯಾಕಮ್ಮ ಬರೆದೆ? ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಕೇಳಿದ ಮೇಲೆ ಅವಳು ಹೇಗೆ ಹೇಳುತ್ತಾಳೆ ಎಂದು ಹೊಳೆದು ಇನ್ನಷ್ಟು ಅಳು ಬಂತು. ಅಮ್ಮ ನನ್ನ ಪಕ್ಕ ಕೂತಳು. ಶಿವಲೀಲಾಳ ರೊಟ್ಟಿ ಹಲಗೆಯ ಮೇಲೆ ಜೋಳದ ಹಿಟ್ಟು ತೆಳ್ಳಗೆ ಹರಡಿತ್ತು. ಹಲಗೆಯನ್ನು ತನ್ನ ಕಡೆ ಎಳೆದುಕೊಂಡು, ಅವತ್ತು ಬಸ್ಸಿನಲ್ಲಿ ಕೇಳಿದ್ದನ್ನೇ ತೋರುಬೆರಳಿನಿಂದ ದುಂಡುದುಂಡಗೆ ಬರೆದಳು.

ಸಾಲು ಯಾರು ನೋಡ್ಕೋತಾರೆ?

ನಾನು ಓದಿ ಮುಗಿಸುವವರೆಗೂ ಶಿವಲೀಲಾ ಹಿಟ್ಟಿನ ಉಂಡೆ ಹಿಡಿದುಕೊಂಡು ಕಾದಳು. ಆಮೇಲೆ ಹಲಗೆಯನ್ನು ವಾಪಸು ಎಳೆದುಕೊಂಡು, ಅದರ ಮೇಲೇ ಮುಂದಿನ ರೊಟ್ಟಿ ತಟ್ಟಿದಳು.